ಉಗುರಿನ ಗೀರು ಇಲ್ಲದ ಪುಟ

ವಕೀಲರ ಬಲಗೈ ತೋರುಬೆರಳಿನ ಉಗುರು ಒಂದು ಪಕ್ಕಕ್ಕೆ ಸವೆದಿತ್ತು. ಉಳಿದ ಉಗುರುಗಳನ್ನೆಲ್ಲ ಬುಡಕ್ಕೆ ಕತ್ತರಿಸಿಕೊಳ್ಳುತ್ತಿದ್ದ ಅವರು ಅದೊಂದನ್ನು ಮಾತ್ರ ಸ್ವಲ್ಪ ಬೆಳೆಯಲು ಬಿಡುತ್ತಿದ್ದರು. ಎದುರಿಗೆ ಕೂತವರು ಪತ್ರ ಓದುವಾಗ ಆ ಉಗುರನ್ನು ಸಾಲಿನ ಕೆಳಗೆ ಒತ್ತಿ ಎಡದಿಂದ ಬಲಕ್ಕೆ ಎಳೆಯುತ್ತಾ ಹೋಗುವರು. ಓದು ನಿಂತರೆ ಉಗುರೂ ನಿಲ್ಲುತ್ತಿತ್ತು. ಓದುವವರು ಒಂದು ಸಾಲು ಹಾರಿಸಿದರೆ ಉಗುರು ಹಿಂದಿನ ಸಾಲಿನಲ್ಲೇ ಕೂತು ಟಕಟಕ ಎನ್ನುತ್ತಿತ್ತು. ಮಸಿ ಇಲ್ಲ, ಏನಿಲ್ಲ. ಆದರೆ ಅವರ ಕೈ ದಾಟಿ ಬಂದ ಕಾಗದವನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಪ್ರತಿ ಸಾಲಿನ ಕೆಳಗೂ ಒಂದು ಸಣ್ಣ ಗೀರು ಕಾಣುತ್ತಿತ್ತು.

ಮಕ್ಕಳೇ, ಈ ವಕೀಲರನ್ನು ನೀವು ನೋಡಿಲ್ಲ. ಮೊನ್ನೆ ನಿಮ್ಮಲ್ಲಿ ದೊಡ್ಡವಳು ಗೆಳತಿಯ ಜೊತೆ ಸೇರಿ ಕೇಕಿನ ವ್ಯಾಪಾರ ಶುರು ಮಾಡಿದ್ದೇನೆ ಎಂದು ಬಂದಾಗ, ಕಾಗದ ಪತ್ರ ಏನಾದರೂ ಮಾಡಿಕೊಂಡಿರಾ ಎಂದು ಕೇಳಿದೆ. “ನೆಟ್‌ನಲ್ಲಿ ಒಂದು ರೆಡಿ ಇತ್ತು ಅಜ್ಜಿ, ಇಬ್ರೂ ಸೈನ್ ಮಾಡಿದ್ವಿ” ಎಂದಳು. ಓದಿದೆಯಾ ಎಂದೆ. “ಅದನ್ನೆಲ್ಲ ಯಾರು ಓದ್ತಾರೆ ಅಜ್ಜಿ!” ಎಂದು ನಕ್ಕಳು. ಎದುರು ಕೂರಿಸಿಕೊಂಡು ಹೇಳಲು ನನಗೆ ಬಾಯಿ ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಕುಂಸಿ ಹತ್ತಿರದ ಹಳ್ಳಿ ಶಾಲೆಯಲ್ಲಿ ಏಳನೆಯ ತರಗತಿ ಮುಗಿಸಿದವಳು ನಾನು. ತಪ್ಪಿದ್ದರೆ ತಿದ್ದಿಕೊಂಡು ಓದಿ.

ನಿಮ್ಮ ತಾತ ಮತ್ತು ಅವರ ಅಣ್ಣ, ಅಂದರೆ ನನ್ನ ಭಾವ, ಭದ್ರಾವತಿಯಲ್ಲಿ ಯೂನಿಫಾರಂ ಹೊಲಿಯುವ ಅಂಗಡಿ ಇಟ್ಟಿದ್ದರು. ಶಾಲೆ ಮಕ್ಕಳದ್ದು, ಫ್ಯಾಕ್ಟರಿಯವರದ್ದು, ಆಸ್ಪತ್ರೆ ದಾದಿಯರದ್ದು. ಅಂಗಡಿಯ ಹಿಂದಿನ ಕೋಣೆಯಲ್ಲಿ ಕಟಿಂಗ್ ನನ್ನದು. ಭಾವ ಗಿರಾಕಿ ನೋಡುತ್ತಿದ್ದರು, ತಾತ ಮಿಷನ್‌ಗಳನ್ನು. ಒಂದೊಂದು ಶಾಲೆಯ ಅಳತೆಗೂ ಖಾಕಿ ಕಾಗದದಲ್ಲಿ ನಮೂನೆ ಕತ್ತರಿಸಿ, ಮೇಲೆ ನನ್ನ ಕೈಯಲ್ಲೇ ಬರೆದು, ಒಂದು ತಗಡಿನ ಟ್ರಂಕಿನಲ್ಲಿ ಇಡುತ್ತಿದ್ದೆ. ಬೆಳೆಯುವ ಮಕ್ಕಳಿಗೆ ಎಲ್ಲಿ ಎಷ್ಟು ಬಟ್ಟೆ ಒಳಗೆ ಮಡಿಚಿಡಬೇಕು ಎಂಬುದೆಲ್ಲ ಅದರಲ್ಲಿತ್ತು. ವಕೀಲರ ಕರಿ ಕೋಟಿನ ನಮೂನೆಯೂ ಅದೇ ಟ್ರಂಕಿನಲ್ಲಿತ್ತು. ಅವರ ಬಲ ಹೆಗಲು ಎಡಕ್ಕಿಂತ ಒಂದು ಬೆರಳು ಕೆಳಗೆ. ಹೊಲಿದವರಿಗೆ ಮಾತ್ರ ಗೊತ್ತಾಗುವ ವಿಷಯ ಅದು.

ವಕೀಲರ ಕಚೇರಿ ನಮ್ಮ ಅಂಗಡಿಯ ಬೀದಿಯಲ್ಲೇ, ಮರದ ಮೆಟ್ಟಿಲು ಹತ್ತಿ ಹೋಗುವ ಮಹಡಿಯಲ್ಲಿ. ಹೊಲಿದ ಕೋಟು ಕೊಡಲು ಹೋದಾಗಲೆಲ್ಲ ಅಲ್ಲಿಯ ಬೆಂಚಿನ ತುದಿಯಲ್ಲಿ ಕೂತು ಅವರು ಮಾತಾಡುವುದನ್ನು ಕೇಳುತ್ತಿದ್ದೆ. ಕೊಲೆ ಕೇಸು, ಆಸ್ತಿ ಜಗಳ ಅವರ ಹತ್ತಿರ ಬರುತ್ತಿರಲಿಲ್ಲ. ಅಂಗಡಿ ಬಾಡಿಗೆ, ಪಾಲುದಾರಿಕೆ, ಮಾಲು ಒಪ್ಪಂದ, ಇಂಥವೇ. ಅವರ ಒಂದು ಕಟ್ಟುನಿಟ್ಟು ಎಂದರೆ, ಸಹಿ ಮಾಡುವವರು ಅವರೆದುರು ಪತ್ರವನ್ನು ಮೊದಲಿಂದ ಕೊನೆಯವರೆಗೆ ಗಟ್ಟಿಯಾಗಿ ಓದಲೇಬೇಕು.

ಒಮ್ಮೆ ಹೋಟೆಲಿನವರೊಬ್ಬರು ಅವಸರದಲ್ಲಿ ಬಂದು, “ಓದೋದೇನು ಸಾರ್, ನಿಮ್ಮ ಮೇಲೆ ನಂಬಿಕೆ ಇದೆ, ಎಲ್ಲಿ ಹಾಕಬೇಕು ಸಹಿ ಹೇಳಿ” ಎಂದರು.

“ನಂಬಿಕೆ ಇದ್ರೆ ಒಂದು ಹಾರ ತಂದು ಹಾಕಿ ಹೋಗಿ ಮಾರಾಯ್ರೆ. ಸಹಿ ಹಾಕೋದಾದ್ರೆ ಓದಿ.”

“ಒಲೆ ಮೇಲೆ ಸಾಂಬಾರಿದೆ ಸಾರ್!”

“ಸಾಂಬಾರು ಸೀದ್ರೆ ಇನ್ನೊಂದು ಮಾಡಬಹುದು. ಇದು ಸೀದ್ರೆ ಮಾಡಕ್ಕಾಗಲ್ಲ. ಹೂಂ, ಮೊದಲನೇ ಸಾಲು.”

ಓದು ಬಾರದವರು ಬಂದರೆ ಕೆಳಗಿನ ಟೀ ಅಂಗಡಿಯಿಂದ ಯಾರನ್ನಾದರೂ ಕರೆಸಿ ಓದಿಸುತ್ತಿದ್ದರು. ತಾವು ಓದುತ್ತಿರಲಿಲ್ಲ. “ಬರೆದವನು ಓದಬಾರದು. ಬರೆದವನ ಕಣ್ಣಿಗೆ ತಾನು ಅಂದ್ಕೊಂಡಿದ್ದು ಕಾಣುತ್ತೆ, ಬರೆದಿದ್ದು ಕಾಣಲ್ಲ” ಎನ್ನುವರು. ಪತ್ರದಲ್ಲಿ ಖಾಲಿ ಜಾಗ ಉಳಿದರೆ ಅಡ್ಡಗೆರೆ ಎಳೆಯದೆ ಬಿಡುತ್ತಿರಲಿಲ್ಲ. ಸಹಿಗೆ ಮುಂಚೆ ಒಂದು, ಸಹಿಯಾದ ಮೇಲೆ ಒಂದು ಜೆರಾಕ್ಸ್ ಮಾಡಿಸಿ ಇಟ್ಟುಕೊಳ್ಳಿ ಎನ್ನುವರು. ಸಾಕ್ಷಿ ಸಹಿ ಹಾಕಲು ಸ್ನೇಹಿತರು ನಗುತ್ತಾ ಬಂದರೆ ಅವರಿಗೆ ಬೈಗುಳ ಕಾದಿರುತ್ತಿತ್ತು. “ಸಾಕ್ಷಿ ಅಂದ್ರೆ ಮದುವೆಗೆ ಬಂದ ಹಾಗಲ್ಲಪ್ಪ. ನಾಳೆ ಕಟಕಟೆಯಲ್ಲಿ ನಿಂತು ಕಂಡದ್ದನ್ನ ಹೇಳಬೇಕು. ಹೇಳ್ತೀಯ? ಹೇಳಲ್ಲ ಅಂದ್ರೆ ಟೀ ಕುಡಿದು ಹೋಗು.” ತಮ್ಮ ವೃತ್ತಿಯ ಬಗ್ಗೆ ಕೇಳಿದರೆ ನಗುತ್ತಿದ್ದರು. “ಗೆದ್ದೋರು ದೇವರಿಗೆ ಕೈ ಮುಗೀತಾರೆ, ಸೋತೋರು ನನಗೆ ಶಾಪ ಹಾಕ್ತಾರೆ. ನನ್ನ ಪಾಲಿಗೆ ಬರೋದು ಅದೊಂದೇ.”

ಅಣ್ಣತಮ್ಮಂದಿರ ಪಾಲುದಾರಿಕೆ ಪತ್ರವನ್ನು ಬರೆದವರೂ ಇವರೇ. ಅಂದು ತಾತ ಓದುತ್ತಿದ್ದರು, ನಾನು ಬೆಂಚಿನಲ್ಲಿದ್ದೆ. ‘ಪಾಲುದಾರರಲ್ಲಿ ಒಬ್ಬರು ಮೃತರಾದಲ್ಲಿ’ ಎಂಬಲ್ಲಿ ತಾತ ನಿಂತರು. ಉಗುರೂ ನಿಂತಿತು.

“ಯಾಕೆ ನಿಂತ್ರಿ?”

“ಶುರು ಮಾಡೋ ದಿನ ಅಪಶಕುನ ಅಲ್ವಾ ಸಾರ್.”

“ಓದದಿದ್ರೆ ಸಾವು ಬರಲ್ವಾ? ಅಂಗಡಿ ತೆಗೆಯೋ ದಿನವೇ ಮುಚ್ಚೋ ಮಾತು ಬರೆದಿಡಬೇಕು. ಇವತ್ತು ಇಬ್ಬರ ಬಾಯಲ್ಲೂ ಸಿಹಿ ಇದೆ. ಜಗಳದ ದಿನ ಕೂತು ಬರೆದರೆ ಅದರಲ್ಲಿ ಜಗಳವೇ ಇರುತ್ತೆ. ಓದಿ.”

ತಾತ ಓದಿದರು. ಒಬ್ಬರು ಹೋದರೆ ಅವರ ಹೆಂಡತಿ ಮಕ್ಕಳ ಜೊತೆ ಕೂತು ಹೊಸದಾಗಿ ಇತ್ಯರ್ಥ ಮಾಡಿಕೊಳ್ಳತಕ್ಕದ್ದು ಎಂದಿತ್ತು. ಆ ಪತ್ರ ಈಗಲೂ ನನ್ನ ಪೆಟ್ಟಿಗೆಯಲ್ಲಿದೆ. ಆ ಸಾಲಿನ ಕೆಳಗೆ ಗೀರು ಬಹಳ ಆಳ.

ಹಾಗೇ ಆಯಿತು. ಎಷ್ಟೋ ವರ್ಷದ ಮೇಲೆ ಒಂದು ದಿನ ತಾತ ಅಂಗಡಿಯಲ್ಲೇ ಎದೆ ಹಿಡಿದುಕೊಂಡು ಕುಸಿದರು. ಅವರು ಹೋಗಿ ಮೂರು ತಿಂಗಳಿಗೆ ಇತ್ಯರ್ಥಕ್ಕೆಂದು ಭಾವ ನನ್ನನ್ನು ವಕೀಲರ ಕಚೇರಿಗೆ ಕರೆದುಕೊಂಡು ಹೋದರು. ಶಿವಮೊಗ್ಗದ ಹೊಸಮನೆ ಬಡಾವಣೆಯಲ್ಲಿದ್ದ ಚಿಕ್ಕ ಮನೆ ನನಗೆ, ಅಂಗಡಿ ಅವರಿಗೆ ಎಂದು ಮಾತಾಗಿತ್ತು. ನಾನು ಒಪ್ಪಿದ್ದೆ. ನನ್ನ ಕೈ ನನ್ನ ಹತ್ತಿರ ಇರುತ್ತದಲ್ಲ, ಹೊಸಮನೆಯಲ್ಲಿ ಒಂದು ಮಿಷನ್ ಹಾಕಿಕೊಂಡರಾಯಿತು ಎಂದುಕೊಂಡಿದ್ದೆ.

ಒಂದು ವಿಷಯ ನಿಮಗೆ ನಂಬುವುದು ಕಷ್ಟ. ಭಾವನ ಜೊತೆ ಒಂದೇ ಸೂರಿನ ಕೆಳಗೆ ಅಷ್ಟು ವರ್ಷ ದುಡಿದರೂ ನಾನು ಅವರ ಎದುರು ಮಾತಾಡಿದವಳಲ್ಲ. ನಮ್ಮ ಕಡೆ ಗಂಡನ ಅಣ್ಣನೆದುರು ಹೆಂಗಸರು ಕೂರುವುದಿಲ್ಲ, ದನಿ ಎತ್ತುವುದಿಲ್ಲ. ಊಟಕ್ಕೆ ಕರೆಯಬೇಕಾದರೆ ‘ಊಟಕ್ಕೆ ಏಳಬೇಕಂತೆ’ ಎಂದು ಬಾಗಿಲಿಗೆ ಹೇಳುತ್ತಿದ್ದೆ. ಬಟ್ಟೆ ಸಾಲದಿದ್ದರೆ ‘ಎರಡು ಮೀಟರ್ ಕಡಿಮೆ’ ಎಂದು ಕತ್ತರಿಗೆ ಹೇಳುತ್ತಿದ್ದೆ. ಅವರಿಗೆ ಕೇಳಿಸುತ್ತಿತ್ತು. ಇಬ್ಬರಿಗೂ ಅದು ವಿಚಿತ್ರ ಎನಿಸಿರಲಿಲ್ಲ.

ಅಂದು ಭಾವ ಕುರ್ಚಿಯಲ್ಲಿ, ನಾನು ಬಾಗಿಲ ಪಕ್ಕ. ವಕೀಲರು ಪತ್ರವನ್ನು ಮೇಜಿನ ತುದಿಗೆ ಸರಿಸಿ, ಉಗುರನ್ನು ಮೊದಲ ಸಾಲಿಗೆ ಇಟ್ಟು, “ಓದಿಯಮ್ಮ” ಎಂದರು.

ಬಂದು ಬಗ್ಗಿದೆ. ಅಕ್ಷರಗಳು ಕಾಣುತ್ತಿದ್ದವು. ಬಾಯಿ ತೆರೆದೆ. ದನಿ ಬರಲಿಲ್ಲ. ಭಾವ ಕೆಮ್ಮಿದರು.

“ಪಾಪ, ನನ್ನೆದುರು ಅವಳೇನು ಓದ್ತಾಳೆ ಬಿಡಿ ಸಾರ್. ಎಲ್ಲ ಮಾತಾಡಿ ಆಗಿದೆ.”

ವಕೀಲರು ನನ್ನ ಮುಖ ನೋಡಿದರು. “ಮನೇಲಿ ಓದ್ಕೊಂಡಿದ್ದೀರಾ ತಾಯಿ?”

ನಾನು ಹೂಂ ಎಂದು ತಲೆಯಾಡಿಸಿದೆ.

ಆ ಪತ್ರ ನಮ್ಮ ಮನೆಯ ಹೊಸಿಲು ಕಂಡಿರಲಿಲ್ಲ. ಅದು ಅವರಿಗೂ ಗೊತ್ತಿತ್ತು. ಸಹಿ ಮಾಡಲು ಕೈಯಿಟ್ಟಾಗ ಕಾಗದ ಇನ್ನೂ ಬೆಚ್ಚಗಿತ್ತು. ಆಗಷ್ಟೇ ಅವರ ಪ್ರಿಂಟರ್‌ನಿಂದ ಹೊರಬಂದಿತ್ತು. ಹೋಟೆಲಿನವರನ್ನು ಸಾಂಬಾರು ಬಿಟ್ಟು ಕೂರಿಸಿದ್ದ ಮನುಷ್ಯ, ನನ್ನ ಸುಳ್ಳನ್ನು ಒಪ್ಪಿಕೊಂಡು ಉಗುರನ್ನು ಎತ್ತಿಬಿಟ್ಟರು. ಮುಜುಗರದ ಹೆಂಗಸು, ವಿಧವೆ, ಕಷ್ಟ ಕೊಡುವುದು ಬೇಡ ಎಂದುಕೊಂಡಿರಬೇಕು. ಅವರ ಮರ್ಯಾದೆ ಅದು. ಭಾವನ ಮುಂದೆ ದನಿ ತೆಗೆಯುವುದಕ್ಕಿಂತ ಸಹಿ ಮಾಡುವುದು ನನಗೆ ಸುಲಭವಾಗಿತ್ತು. ಪುಟಪುಟಕ್ಕೂ ಮಾಡಿದೆ.

ಹೊಸಮನೆಗೆ ಬಂದ ಮೇಲೆ ಮೊದಲು ಹೊಲಿದದ್ದು ನಿನ್ನ ಯೂನಿಫಾರಂ ಕಣೇ ದೊಡ್ಡವಳೇ. ಒಂದನೆಯ ತರಗತಿ. ನೀಲಿ ಸ್ಕರ್ಟಿನ ನೆರಿಗೆ ನೋಡಿ ನಿನ್ನ ಶಾಲೆಯ ತಾಯಂದಿರು ಕೇಳಿಕೊಂಡು ಬಂದರು. ನಾಲ್ಕು, ಹತ್ತು, ಆಮೇಲೆ ಶಾಲೆಯವರೇ ಕರೆದರು. ಮುಂದಿನ ಕೋಣೆ ತುಂಬ ನೀಲಿ ಬಟ್ಟೆ. ಗಂಡ ಹೋದ ಮೇಲೆ ಮೊದಲ ಸಲ ಬೆಳಿಗ್ಗೆ ಏಳಲು ಮನಸ್ಸಾಗುತ್ತಿತ್ತು.

ಆಗ ಕೋರ್ಟಿನ ನೋಟೀಸು ಬಂತು. ಭಾವ ದಾವೆ ಹಾಕಿದ್ದರು. ಇತ್ಯರ್ಥ ಪತ್ರದ ನಾಲ್ಕನೆಯ ಪುಟದಲ್ಲಿ ಒಂದು ಪ್ಯಾರಾ: ಅಂಗಡಿಯ ಹೆಸರು, ಗಿರಾಕಿ, ನಮೂನೆಗಳು ಎಲ್ಲ ಭಾವನಿಗೆ ಸೇರಿದ್ದು, ನಾನು ಭದ್ರಾವತಿ ಮತ್ತು ಶಿವಮೊಗ್ಗ ತಾಲ್ಲೂಕುಗಳಲ್ಲಿ ಐದು ವರ್ಷ ಯೂನಿಫಾರಂ ಹೊಲಿಯುವ ವ್ಯಾಪಾರ ಮಾಡತಕ್ಕದ್ದಲ್ಲ. ಕೊನೆಯಲ್ಲಿ, ಎಲ್ಲ ಪತ್ರಗಳಲ್ಲೂ ಇರುವ ಹಾಗೆ, ‘ಓದಿ ನೋಡಿ, ಓದಿಸಿ ಕೇಳಿ, ಒಪ್ಪಿ ಸಹಿ ಮಾಡಿರುತ್ತೇನೆ.’ ಸಹಿಯಾದ ದಿನ ನನಗೆ ಕೊಟ್ಟಿದ್ದ ಪ್ರತಿಯನ್ನು ಪೆಟ್ಟಿಗೆಯಿಂದ ತೆಗೆದು, ಕಿಟಕಿಯ ಹತ್ತಿರ ಹೋಗಿ ಆ ಪುಟವನ್ನು ಓರೆಯಾಗಿ ಹಿಡಿದೆ. ನುಣ್ಣಗಿತ್ತು. ಒಂದು ಗೀರೂ ಇರಲಿಲ್ಲ.

ಭದ್ರಾವತಿಗೆ ಹೋಗುವ ಬಸ್ಸು ಮಲವಗೊಪ್ಪ ದಾಟುವಾಗ ವಕೀಲರಿಗೆ ಹೇಳಬೇಕಾದ ಮಾತನ್ನು ನಾಲಿಗೆಯಲ್ಲೇ ಉರು ಹೊಡೆದುಕೊಂಡೆ. ಮೆಟ್ಟಿಲು ಹತ್ತಿದೆ. ಕಚೇರಿಯಲ್ಲಿ ಅವರೊಬ್ಬರೇ ಇದ್ದರು.

“ಇದನ್ನ ನೀವು ಬರೆದಿದ್ದಾ ಸಾರ್?”

“ನಿಮ್ಮ ಭಾವ ಕೇಳಿದ್ರು. ಅಂಗಡಿ ತಗೊಳ್ಳೋರು ಕೇಳೋದೇ ಅದು. ನಿಮ್ಮ ಕೈ ಹಿಂದೆ ಗಿರಾಕಿ ಹೋಗಿಬಿಟ್ರೆ ಅವರಿಗೆ ನಾಲ್ಕು ಗೋಡೆ ಉಳೀತಿತ್ತು. ಕಾನೂನು ಇದನ್ನ ಒಪ್ಪುತ್ತೆ.”

“ನನಗೆ ಹೇಳಲಿಲ್ಲ.”

“ನೀವು ಓದಿದೀನಿ ಅಂದ್ರಿ.”

“ನೀವು ನಂಬಿದ್ರಾ?”

ಅವರು ಉಗುರಿನಿಂದ ಮೇಜಿನ ಅಂಚನ್ನು ಕೆರೆಯುತ್ತಾ ಕೂತರು. ಆಮೇಲೆ, “ನಾನು ಇಬ್ಬರಿಗೂ ಬೇಕಾದವನು. ನಿಮ್ಮ ಪರವಾಗಿಯೂ ನಿಲ್ಲೋಕಾಗಲ್ಲ, ಅವರ ಪರವಾಗಿಯೂ ನಿಲ್ಲಲ್ಲ. ಶಿವಮೊಗ್ಗದಲ್ಲಿ ಒಬ್ಬರು ಲಾಯರಮ್ಮ ಇದಾರೆ, ಬುದ್ಧಿವಂತರು, ಅವರ ಹತ್ತಿರ ಹೋಗಿ” ಎಂದರು. ಇಬ್ಬರಿಗೂ ಬೇಕಾದವರು ಎಂದೇ ಅಲ್ಲವೇ ನಾವು ಅವರ ಹತ್ತಿರ ಹೋದದ್ದು. ಊರಿನಲ್ಲಿ ಎಲ್ಲರೂ ಹಾಗೇ ಮಾಡುತ್ತಾರೆ. ಇಬ್ಬರಿಗೆ ಒಬ್ಬರೇ ವಕೀಲರಿದ್ದರೆ ಜಗಳವೇ ಬರುವುದಿಲ್ಲ ಎಂದು ನಂಬುತ್ತಾರೆ. ಮಕ್ಕಳೇ, ನೀವು ಹಾಗೆ ಮಾಡಬೇಡಿ. ಎದುರಿಗೆ ಕೂತವರು ಒಡಹುಟ್ಟಿದವರಾದರೂ ನಿಮ್ಮ ಕಾಗದ ನೋಡಲು ನಿಮ್ಮವರೊಬ್ಬರು ಇರಲಿ.

ಲಾಯರಮ್ಮ ನನ್ನ ಕಥೆ ಕೇಳಿ ಗೀರಿಲ್ಲದ ಪುಟವನ್ನು ತಿರುಗಿಸಿ ತಿರುಗಿಸಿ ನೋಡಿದರು. “ಉಗುರಿನ ಗುರುತನ್ನ ಕೋರ್ಟು ಸಾಕ್ಷಿ ಅಂತ ತಗೊಳ್ಳಲ್ಲಮ್ಮ. ಓದು ಬಲ್ಲೋರು ಸಹಿ ಮಾಡಿದರೆ ಓದೇ ಮಾಡಿದಾರೆ ಅಂತ ಲೆಕ್ಕ. ನಮಗಿರೋದು ಒಂದೇ ದಾರಿ. ಪತ್ರ ಬರೆದ ವಕೀಲರೇ ಓದಿಸಲಿಲ್ಲ ಅಂತ ಬಾಯಿಬಿಟ್ಟು ಹೇಳಬೇಕು” ಎಂದರು. ನನಗೆ ಧೈರ್ಯ ಬಂತು. ಸಾಕ್ಷಿ ಎಂದರೆ ಕಂಡದ್ದನ್ನು ಹೇಳುವುದು ಎಂದು ಊರಿಗೆಲ್ಲ ಪಾಠ ಹೇಳಿದವರು ಅವರೇ ತಾನೇ.

ಭಾವನ ಕಡೆಯವರು ವಕೀಲರನ್ನು ಸಾಕ್ಷಿಗೆ ಕರೆಸಿದರು. ನಾನು ಹೊಲಿದ ಕೋಟಿನಲ್ಲೇ ಬಂದು ಕಟಕಟೆಯಲ್ಲಿ ನಿಂತರು. ಪತ್ರ ಬರೆದದ್ದು ನಾನೇ, ನನ್ನೆದುರೇ ಸಹಿಯಾಯಿತು ಎಂದರು. ಆಮೇಲೆ ಲಾಯರಮ್ಮ ಎದ್ದರು.

“ಈಯಮ್ಮನ ಕೈಯಲ್ಲಿ ಈ ಪತ್ರ ಓದಿಸಿದಿರಾ?”

“ಓದಿಸಿ ಕೇಳಿ ಸಹಿ ಮಾಡಿರುವುದಾಗಿ ಪತ್ರದಲ್ಲೇ ಬರೆದಿದೆ.”

“ಬರೆದಿರೋದನ್ನ ಕೇಳ್ತಿಲ್ಲ. ಓದಿಸಿದಿರಾ?”

“ಓದಿಸದೆ ಸಹಿ ತೆಗೆದುಕೊಳ್ಳುವುದು ನನ್ನ ಕಚೇರಿಯ ಪದ್ಧತಿ ಅಲ್ಲ.”

ಎರಡೂ ನಿಜ. ಪತ್ರದಲ್ಲಿ ಹಾಗೇ ಬರೆದಿತ್ತು. ಅವರ ಪದ್ಧತಿಯೂ ಅದೇ. ಒಂದು ಸುಳ್ಳನ್ನೂ ಆಡದೆ ಅವರು ನನ್ನ ಬಾಯಿಗೆ ಬೀಗ ಹಾಕಿದರು. ಒಮ್ಮೆ ಓದಿಸಲಿಲ್ಲ ಎಂದು ಒಪ್ಪಿಕೊಂಡಿದ್ದರೆ ಅವರು ಬರೆದ ಒಂದೊಂದು ಪತ್ರದ ಮೇಲೂ ಯಾರಾದರೂ ಬೆರಳಿಡುತ್ತಿದ್ದರು. ಅದೂ ನನಗೆ ಅರ್ಥವಾಗುತ್ತದೆ. ಅರ್ಥವಾದ ಮಾತ್ರಕ್ಕೆ ಕಹಿ ಹೋಗುವುದಿಲ್ಲ. ಕಟಕಟೆ ಇಳಿದು ಹೋಗುವಾಗ ನನ್ನ ಕಡೆ ನೋಡಲಿಲ್ಲ. ಬಲ ಹೆಗಲು ಇನ್ನೂ ಸ್ವಲ್ಪ ಇಳಿದಿದೆ, ಕೋಟು ಅಲ್ಲಿ ಸುಕ್ಕು ಬೀಳುತ್ತಿದೆ ಎಂದು ಕಣ್ಣಿಗೆ ಬಿತ್ತು. ಹಾಳು ಅಭ್ಯಾಸ.

ಪತ್ರದಲ್ಲಿದ್ದ ಹಾಗೇ ನಡೆಯಬೇಕೆಂದು ತೀರ್ಪಾಯಿತು. ನೀಲಿ ಬಟ್ಟೆಯನ್ನು ಶಾಲೆಗೆ ವಾಪಸು ಕಳಿಸಿದೆ. ಐದು ವರ್ಷ ಬ್ಲೌಸಿಗೆ ಹುಕ್ಕು, ಸೀರೆಗೆ ಫಾಲು. ಎರಡನೆಯ ತರಗತಿಗೆ ನಿನ್ನ ಅಪ್ಪ ಅಮ್ಮ ಪೇಟೆಯಿಂದ ರೆಡಿಮೇಡ್ ಯೂನಿಫಾರಂ ತಂದರು, ಕಂಕುಳಲ್ಲಿ ಬಿಗಿ ಎಂದು ನೀನು ಅತ್ತಿದ್ದೆ, ನೆನಪಿದೆಯೇ? ಮೊಮ್ಮಗಳಿಗೆ ಹೊಲಿಯಬಾರದು ಎಂದು ಯಾವ ಆದೇಶದಲ್ಲೂ ಇರಲಿಲ್ಲ. ಆದರೆ ನನಗೆ ನೀಲಿ ಬಟ್ಟೆ ಮುಟ್ಟಲು ಭಯವಾಗಿಬಿಟ್ಟಿತ್ತು. ನನ್ನ ಟ್ರಂಕು ಭಾವನ ಅಂಗಡಿಯಲ್ಲಿತ್ತು. ನನ್ನ ಗುರುತುಗಳು ಅವರಿಗೆ ತಿಳಿಯಲಿಲ್ಲ. ನಮೂನೆಗಳನ್ನು ಗೆದ್ದಲು ತಿಂದಿತೆಂದು ಆಮೇಲೆ ಕೇಳಿದೆ.

ತೀರ್ಪಾದ ವರ್ಷವೇ ವಕೀಲರ ಗುಮಾಸ್ತರು ಒಂದು ಚೀಲ ಹಿಡಿದುಕೊಂಡು ಹೊಸಮನೆಗೆ ಬಂದರು. ಒಳಗೆ ಕರಿ ಕೋಟು. ಅದರ ಒಳಪದರದ ಅಸ್ತರು ಬಲಗಡೆ ಉದ್ದಕ್ಕೂ ಹರಿದಿತ್ತು.

“ಸಾಹೇಬ್ರು ಕಳಿಸಿದಾರೆ. ನಿಮ್ಮ ಕೈಯಲ್ಲೇ ಆಗಬೇಕಂತೆ.”

ನಾನು ಚೀಲವನ್ನು ಅವರ ಕೈಗೇ ವಾಪಸು ಕೊಟ್ಟೆ. “ವಕೀಲರ ಕೋಟೂ ಯೂನಿಫಾರಮ್ಮೇ ಅಲ್ವಾ. ಐದು ವರ್ಷ ಹೊಲಿಯೋ ಹಾಗಿಲ್ಲ ಅಂತ ಕೋರ್ಟು ಹೇಳಿದೆ ಅನ್ನಿ.”

ಗುಮಾಸ್ತರಿಗೆ ನಗು ಬಂತು. ನನ್ನ ಮುಖ ನೋಡಿ ನುಂಗಿಕೊಂಡರು. ಯಾರಿಗಾದರೂ ನಾನು ಕೊಟ್ಟ ಮೊದಲ ಎದುರುತ್ತರ ಅದು.

ಐದು ವರ್ಷ ಮುಗಿಯುವ ಹೊತ್ತಿಗೆ ಎಲ್ಲ ಶಾಲೆಗಳೂ ರೆಡಿಮೇಡಿಗೆ ಹೋಗಿದ್ದವು. ಭಾವನ ಅಂಗಡಿಯೂ ಮುಚ್ಚಿತು. ನನ್ನಿಂದ ಕಿತ್ತುಕೊಂಡದ್ದು ಅವರಿಗೂ ದಕ್ಕಲಿಲ್ಲ. ಅದರಿಂದ ಸಂತೋಷವಾಯಿತೆಂದು ಬರೆದರೆ ಸುಳ್ಳು, ಆಗಲಿಲ್ಲವೆಂದು ಬರೆದರೂ ಸುಳ್ಳು.

ಎರಡು ವರ್ಷದ ಹಿಂದೆ ವಕೀಲರ ಮಗಳು ಫೋನು ಮಾಡಿದಳು. ಅವರ ಕಣ್ಣು ಪೂರ್ತಿ ಹೋಗಿತ್ತು. ಮಹಡಿಯ ಕಚೇರಿಯನ್ನು ಮೊಬೈಲ್ ಅಂಗಡಿಯವರಿಗೆ ಬಾಡಿಗೆಗೆ ಕೊಡುತ್ತಿದ್ದರು. ಕರಾರು ಪತ್ರ ಬರೆದವಳು ಮಗಳೇ, ಅವಳೂ ವಕೀಲೆ. “ನಾನು ಓದ್ತೀನಿ ಅಂದ್ರೆ ಅಪ್ಪ ಕೇಳ್ತಿಲ್ಲ ಆಂಟಿ. ಬರೆದವರು ಓದಬಾರದಂತೆ. ನಿಮ್ಮನ್ನೇ ಕರೆಸು ಅಂತ ಹಟ ಮಾಡ್ತಿದಾರೆ.”

ಹೋಗಬಾರದು ಎಂದುಕೊಂಡೆ. ಹೋದೆ. ಅದೇ ಮೆಟ್ಟಿಲು, ಅದೇ ಮೇಜು. ಮೊಬೈಲ್ ಅಂಗಡಿಯ ಇಬ್ಬರು ಗಂಡಸರು, ಮನೆಯ ದಲ್ಲಾಳಿ ಒಬ್ಬ, ಮಗಳು. ಗೋಡೆಯ ಗೂಟದಲ್ಲಿ ಕರಿ ಕೋಟು ತೂಗುತ್ತಿತ್ತು.

“ಇವರನ್ನೇ ಯಾಕೆ ಸಾರ್, ನಾನು ಓದ್ತಿದ್ದೆನಲ್ಲ” ಎಂದ ದಲ್ಲಾಳಿ.

“ನೀನು ನನಗೆ ಬೇಜಾರಾಗಬಾರದು ಅಂತ ಎರಡು ಸಾಲು ನುಂಗ್ತೀಯ ಮಾರಾಯ. ಇವರು ನುಂಗಲ್ಲ” ಎಂದರು ವಕೀಲರು. ಆಮೇಲೆ ನನ್ನ ಕಡೆ ಮುಖ ತಿರುಗಿಸಿ, “ಓದಿಯಮ್ಮ” ಎಂದರು.

ಓದಿದೆ. ಐವರ ಎದುರು, ಗಟ್ಟಿಯಾಗಿ, ಒಂದಕ್ಷರ ಬಿಡದೆ. ಮೊದಲ ಪುಟದಲ್ಲಿ ದನಿ ನಡುಗಿತು. ಎರಡನೆಯ ಪುಟಕ್ಕೆ ನಡುಕ ನಿಂತಿತು. ನನಗೆ ಗೊತ್ತಿಲ್ಲದೆಯೇ ನನ್ನ ಬೆರಳಿನ ಉಗುರು ಸಾಲಿನ ಕೆಳಗೆ ಓಡುತ್ತಿತ್ತು. ಅಂಗಡಿಯವರು ಗೋಡೆ ಒಡೆಯಬಹುದು ಎಂದು ಒಂದು ಕಡೆ ಇತ್ತು. ವಕೀಲರು ಕೈ ಎತ್ತಿದರು, ಮಗಳು ತಿದ್ದಿದಳು. ಕೊನೆಯ ಸಾಲಿಗೆ ಬಂದಾಗ ನಾನು ನಿಂತೆ.

“ಅದನ್ನೂ ಓದಿ.”

“ಓದಿ ನೋಡಿ, ಓದಿಸಿ ಕೇಳಿ, ಒಪ್ಪಿ ಸಹಿ ಮಾಡಿರುತ್ತೇನೆ.”

 ನಾನು ಕಾದೆ. ಒಂದು ಮಾತು ಬರುತ್ತದೆ ಎಂದು ಕಾದೆ. ಅದಕ್ಕೇ ಕರೆಸಿದ್ದಾರೆ ಎಂದುಕೊಂಡಿದ್ದೆ.

“ಚೆನ್ನಾಗಿ ಓದಿದ್ರಿ” ಎಂದರು. “ಅವತ್ತೂ ಹೀಗೇ ಓದಬೇಕಿತ್ತು.”

“ಅವತ್ತು ನೀವು ಓದಿಸಬೇಕಿತ್ತು ಸಾರ್.”

ಅವರ ಬಾಯಿ ಅಲುಗಿತು, ಮಾತು ಬರಲಿಲ್ಲ. ಅಂದು ನನಗೆ ಆಗಿದ್ದು ಹಾಗೇ. ಮಗಳು ಪೆನ್ನು ಕೈಗಿಟ್ಟು ಜಾಗ ತೋರಿಸಿದಳು. ಸಹಿ ಓರೆಯಾಗಿ ಬಿತ್ತು.

ಎರಡು ತಿಂಗಳಿಗೆ ಹೋಗಿಬಿಟ್ಟರು. ಮಣ್ಣಿಗೆ ನಾನು ಹೋಗಲಿಲ್ಲ.

ಈಗ ಒಂದು ಕಾಗದ ಬಂದರೆ, ಕರೆಂಟು ಬಿಲ್ಲೇ ಆಗಲಿ, ನಾನು ಗಟ್ಟಿಯಾಗಿ ಓದುತ್ತೇನೆ. ನೀವು ನಗುತ್ತೀರಿ. ಅದು ನಾನು ಅವರಿಂದ ಕಲಿತದ್ದು, ಇಲ್ಲವೆನ್ನುವುದಿಲ್ಲ. ಅವರು ಕಲಿಸಿದ್ದನ್ನು ಅವರೇ ಒಂದು ದಿನ ಬಿಟ್ಟದ್ದರಿಂದ ಕಳೆದುಕೊಂಡದ್ದೂ ನಾನೇ. ನಿನ್ನ ಆ ಪತ್ರವನ್ನು ಭಾನುವಾರ ತೆಗೆದುಕೊಂಡು ಬಾ, ಗೆಳತಿಯನ್ನೂ ಕರೆದುಕೊಂಡು ಬಾ. ಇಬ್ಬರೂ ನನ್ನೆದುರು ಓದಿ. ನಾಚಿಕೆಯಾದರೆ ಆಗಲಿ. ನಾನು ಎದ್ದು ಹೋಗುವುದಿಲ್ಲ, ಬಿಡುವುದೂ ಇಲ್ಲ.

ಆ ದಿನ ಮೆಟ್ಟಿಲಿಳಿಯುವ ಮುಂಚೆ ಗೂಟದಲ್ಲಿದ್ದ ಕೋಟನ್ನು ಮುಟ್ಟಿ ನೋಡಿದ್ದೆ. ಅಸ್ತರು ಬಲಗಡೆ ಉದ್ದಕ್ಕೂ ಹಾಗೇ ಹರಿದಿತ್ತು. ಅಷ್ಟು ವರ್ಷವೂ ಬೇರೆ ಯಾರ ಕೈಗೂ ಕೊಟ್ಟಿರಲಿಲ್ಲ. ನನ್ನ ಐದು ವರ್ಷ ಎಂದೋ ಮುಗಿದಿತ್ತು. ನನ್ನ ಚೀಲದಲ್ಲಿ ಸೂಜಿ ದಾರವೂ ಇತ್ತು. ಅರ್ಧ ಗಂಟೆಯ ಕೆಲಸ.

ನಾನು ಹೊಲಿಯಲಿಲ್ಲ.